ಆರಾಮಾದ ಮೇಲೆ ಕೆಲಸವೋ, ಕೆಲಸದಿಂದ ಆರಾಮೋ?

ತಾಲ್ಲೂಕು ಆಸ್ಪತ್ರೆಯ ಮಾನಸಿಕ ಚಿಕಿತ್ಸಾ ಕೋಣೆ. ತಾಯಿಯೊಬ್ಬರು ಕೇಳುತ್ತಾರೆ: "ಡಾಕ್ಟ್ರ, ಹುಡುಗ ಈಗ ಚೊಲೋ ಆಗ್ಯಾನ್ರಿ. ನವನಗರದಾಗ ಒಂದು ಕೆಲಸ ಬಂದೈತಿ. ಕಳಸೂನೋ, ಇನ್ನೊಂದು ವರ್ಷ ಮನ್ಯಾಗ ಇರ್ಲೋ?" ಹುಡುಗ ನೆಲ ನೋಡುತ್ತಾನೆ. ಜತೆಗೆ ಬಂದ ಹಿರಿಯರು ವೈದ್ಯರಿಗಿಂತ ಮುಂಚೆ ತೀರ್ಪು ಕೊಡುತ್ತಾರೆ: "ಪೂರಾ ಆರಾಮಾಗ್ಲಿ ತಗೀರಿ. ಆಮ್ಯಾಲೆ ನೋಡಿದ್ರಾತು."

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಯಾವ ಮನೆಯಲ್ಲಾದರೂ ಕೇಳಬಹುದಾದ ಮಾತು ಇದು. ಆಡುವವರಲ್ಲಿ ಕಾಳಜಿಯೇ ಇದೆ. ಆದರೆ ಆ 'ಆಮ್ಯಾಲೆ' ಬರುವಷ್ಟರಲ್ಲಿ ಎಷ್ಟೋ ಜನರ ಹರೆಯ ಕಳೆದುಹೋಗಿರುತ್ತದೆ. ಸ್ಕಿಜೋಫ್ರೀನಿಯ, ಬೈಪೋಲಾರ್‌ನಂಥ ಕಾಯಿಲೆಗಳು ಸಾಮಾನ್ಯವಾಗಿ ಶುರುವಾಗುವುದೇ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ವಯಸ್ಸಿನಲ್ಲಿ, ಅಂದರೆ ಓದು ಮುಗಿದು ಕೆಲಸ ಹಿಡಿಯುವ ಹೊತ್ತಿನಲ್ಲಿ.

ಮೊದಲು ಕೆಲಸ, ಜತೆಗೆ ಆಸರೆ

ಮನೋವೈದ್ಯಶಾಸ್ತ್ರವೂ ಬಹುಕಾಲ ಆ ಹಿರಿಯರ ಹಾಗೆಯೇ ಯೋಚಿಸಿತ್ತು. ರೋಗಿಗೆ ಮೊದಲು ತರಬೇತಿ ಕೇಂದ್ರದಲ್ಲಿ ಬುಟ್ಟಿ ಹೆಣೆಯುವುದನ್ನೋ ಮೇಣದಬತ್ತಿ ಮಾಡುವುದನ್ನೋ ಕಲಿಸಬೇಕು, ಪೂರ್ತಿ ಸಿದ್ಧನಾದ ಮೇಲೆ ಹೊರಗೆ ಕಳಿಸಬೇಕು ಎಂಬುದು ಪದ್ಧತಿ. ಹೆಚ್ಚಿನವರು ತರಬೇತಿ ಕೇಂದ್ರದಿಂದ ಆಚೆ ಬರುತ್ತಲೇ ಇರಲಿಲ್ಲ. 1990ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಈ ಕ್ರಮವನ್ನು ತಿರುವುಮುರುವು ಮಾಡಿದರು. ಕೆಲಸ ಮಾಡುವ ಆಸೆ ಇದ್ದವನಿಗೆ ಬೇಗನೆ ನಿಜವಾದ, ಸಂಬಳದ ಕೆಲಸ ಹುಡುಕಿಕೊಡು. ಕಲಿಯುವುದೆಲ್ಲ ಕೆಲಸದ ಜಾಗದಲ್ಲೇ ಆಗಲಿ. ಚಿಕಿತ್ಸೆಯ ತಂಡ ಬೆನ್ನಿಗಿರಲಿ ಎಂಬುದು ಅವರ ಸೂತ್ರ.

ಇದನ್ನು ಯುರೋಪಿನ ಆರು ಕೇಂದ್ರಗಳಲ್ಲಿ ತೀವ್ರ ಮಾನಸಿಕ ಕಾಯಿಲೆಯ 312 ಜನರ ಮೇಲೆ ಪರೀಕ್ಷಿಸಲಾಯಿತು. ಫಲಿತಾಂಶ 2007ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹಳೆಯ ಕ್ರಮದಲ್ಲಿ ತರಬೇತಿ ಪಡೆದವರಲ್ಲಿ ಒಂದು ದಿನವಾದರೂ ಸಂಬಳಕ್ಕೆ ದುಡಿದವರು ಶೇ 28. ಹೊಸ ಕ್ರಮದಲ್ಲಿ ಶೇ 55. ಕೆಲಸದ ಒತ್ತಡದಿಂದ ಕಾಯಿಲೆ ಕೆರಳೀತು ಎಂಬ ಭಯವೂ ಸುಳ್ಳಾಯಿತು. ಮರಳಿ ಆಸ್ಪತ್ರೆ ಸೇರಿದವರ ಪ್ರಮಾಣ ಹೊಸ ಕ್ರಮದ ಗುಂಪಿನಲ್ಲೇ ಕಡಿಮೆಯಿತ್ತು.

ಇಳಕಲ್ಲಿನ ನೇಕಾರರ ಮನೆಗೆ ಈ ಸೂತ್ರ ತೀರ ಹೊಸದಲ್ಲ. ಮಗ್ಗದ ಮನೆಯಲ್ಲಿ ಕೆಲಸಕ್ಕೆ ಮೆಟ್ಟಿಲುಗಳಿವೆ. ಮೈಯಲ್ಲಿ ಕಸುವಿಲ್ಲದವನು ಕಂಡಿಕೆ ಸುತ್ತುತ್ತಾನೆ. ಸ್ವಲ್ಪ ಚೇತರಿಸಿಕೊಂಡರೆ ಹಾಸು ಅಣಿಗೊಳಿಸಲು ಕೈ ಹಚ್ಚುತ್ತಾನೆ. ಪೂರ್ತಿ ಹದಕ್ಕೆ ಬಂದ ಮೇಲೆ ಮಗ್ಗಕ್ಕೆ ಕೂಡುತ್ತಾನೆ. ಒಂದು ದಿನ ತಲೆ ಭಾರವಾದರೆ ಆ ದಿನದ ನೇಯ್ಗೆ ನಾಲ್ಕು ಮೊಳ ಕಡಿಮೆಯಾಗುತ್ತದೆ, ಕೆಲಸ ಹೋಗುವುದಿಲ್ಲ.

ಇಂಥ ಮೆಟ್ಟಿಲುಗಳ ಬೆಲೆಗೆ ಹಳೆಯ ಅಧ್ಯಯನವೊಂದರಲ್ಲೂ ಸುಳಿವಿದೆ. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಯಲ್ಲಿ ಒಂಬತ್ತು ದೇಶಗಳಲ್ಲಿ ಸ್ಕಿಜೋಫ್ರೀನಿಯ ಅಧ್ಯಯನ ಆರಂಭಿಸಿತು. ಭಾರತದಿಂದ ಆಗ್ರಾ ಅದರಲ್ಲಿತ್ತು. ಕೆಲವು ವರ್ಷಗಳ ನಂತರ ನೋಡಿದರೆ ಶ್ರೀಮಂತ ದೇಶಗಳ ರೋಗಿಗಳಿಗಿಂತ ಇಲ್ಲಿನವರೇ ಹೆಚ್ಚು ಚೇತರಿಸಿಕೊಂಡಿದ್ದರು. ಕಾರಣದ ಬಗ್ಗೆ ಇಂದಿಗೂ ವಾದವಿದೆ. ಶಕ್ತಿಗೆ ತಕ್ಕಷ್ಟು ಕೆಲಸ ಕೊಟ್ಟು ಒಳಗೆ ಸೇರಿಸಿಕೊಳ್ಳುವ ಮನೆ, ಹೊಲ ಇದ್ದದ್ದು ಒಂದು ಕಾರಣವಿರಬಹುದು ಎಂಬುದು ಹಲವರ ವಿವರಣೆ. ಹಾಗೆಂದು ಗುಳಿಗೆ ಬೇಡವೆಂದಲ್ಲ. ನಿಮ್ಹಾನ್ಸ್ ತಜ್ಞರು ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಡೆಸಿದ ಅಧ್ಯಯನದಲ್ಲಿ, ಚಿಕಿತ್ಸೆ ಪಡೆದವರಲ್ಲಿ ಕಾಯಿಲೆಯಿಂದಾದ ಅಸಾಮರ್ಥ್ಯ ಪಡೆಯದವರಿಗಿಂತ ಸ್ಪಷ್ಟವಾಗಿ ಕಡಿಮೆಯಿತ್ತು.

ಆದರೆ ಇಂದಿನ ಹುಡುಗರಿಗೆ ಬರುವ ಕೆಲಸ ಮಗ್ಗದ ಮನೆಯದಲ್ಲ. ಬ್ಯಾಂಕು, ಸಿಮೆಂಟ್ ಕಾರ್ಖಾನೆ, ಗ್ರಾನೈಟ್ ಪಾಲಿಶ್ ಘಟಕ, ಬಾದಾಮಿಯ ಲಾಡ್ಜು. ಅಲ್ಲಿ ಕಂಡಿಕೆಯ ಮೆಟ್ಟಿಲಿಲ್ಲ. ಮೊದಲ ದಿನವೇ ಮಗ್ಗಕ್ಕೆ ಕೂಡಬೇಕು. ಹೀಗಾಗಿ ಮೆಟ್ಟಿಲನ್ನು ನಾವೇ ಕಟ್ಟಿಕೊಳ್ಳಬೇಕು. ಅದಕ್ಕೆ ಹೊಸ ಕೆಲಸವು ಕಾಯಿಲೆಯನ್ನು ಎಲ್ಲೆಲ್ಲಿ ಮುಟ್ಟುತ್ತದೆ ಎಂದು ತಿಳಿದಿರಬೇಕು.

ನಿದ್ದೆ ಮತ್ತು ಪಾಳಿ

ಮೊದಲು ಮುಟ್ಟುವುದು ನಿದ್ದೆಯನ್ನು. ನಮ್ಮ ಮೆದುಳಿನ ಒಳಗಡಿಯಾರವನ್ನು ದಿನವೂ ಸರಿಹೊಂದಿಸುವುದು ಬೆಳಕು, ಊಟದ ಹೊತ್ತು, ಏಳುವ ಹೊತ್ತು. ಬೈಪೋಲಾರ್ ಕಾಯಿಲೆಯವರಲ್ಲಿ ಈ ಗಡಿಯಾರ ಸೂಕ್ಷ್ಮ. ಸತತ ನಿದ್ದೆಗೇಡು ಉನ್ಮಾದದ ಕಂತಿಗೆ ದಾರಿ ಮಾಡಬಲ್ಲದು ಎಂದು ಥಾಮಸ್ ವೆಹ್ರ್ ಮತ್ತು ಸಂಗಡಿಗರು 1987ರಲ್ಲೇ ವಾದಿಸಿದ್ದರು. ಎಲೆನ್ ಫ್ರಾಂಕ್ ಇದೇ ಎಳೆಯನ್ನು ಹಿಡಿದು, ಏಳುವ, ಉಣ್ಣುವ, ಮಲಗುವ ಹೊತ್ತನ್ನು ಕಾಯ್ದುಕೊಳ್ಳುವುದನ್ನೇ ಒಂದು ಚಿಕಿತ್ಸೆಯಾಗಿ ರೂಪಿಸಿದರು.

ವಾರಕ್ಕೊಮ್ಮೆ ಬದಲಾಗುವ ಪಾಳಿ ಇಂಥವರಿಗೆ ಅಪಾಯ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಲ್ಲಿ ರಾತ್ರಿಯಿಡೀ ನಾಟಕಗಳು ನಡೆಯುತ್ತವೆ, ಅಂಗಡಿಗಳೂ ತೆರೆದಿರುತ್ತವೆ. ಜಾತ್ರೆಗೆಂದು ಅಂಗಡಿ ಕೆಲಸಕ್ಕೆ ಸೇರಿದವನು ನಾಲ್ಕು ರಾತ್ರಿ ಕಣ್ಣು ಮುಚ್ಚದೆ 'ಏನೂ ದಣಿವಿಲ್ಲ' ಅಂದರೆ ಮನೆಯವರು ಮೆಚ್ಚಿಕೊಳ್ಳಬಾರದು, ಎಚ್ಚರವಾಗಬೇಕು. ನಿದ್ದೆ ಕಡಿಮೆಯಾಗಿಯೂ ದಣಿಯದಿರುವುದು ಕಂತು ಶುರುವಾಗುವ ಮೊದಲ ಗುರುತುಗಳಲ್ಲೊಂದು.

ಇದರ ತಿರುಗುಮುರುಗು ತೊಂದರೆಯೂ ಇದೆ. ಒಲಾಂಜಪಿನ್, ಕ್ವೆಟಿಯಪಿನ್‌ನಂಥ ಗುಳಿಗೆಗಳ ಮಂಪರು ಮುಂಜಾನೆವರೆಗೂ ಉಳಿಯಬಹುದು. ಹಳ್ಳಿಯಿಂದ ಮೊದಲ ಬಸ್ಸು ಹಿಡಿಯಬೇಕಾದವನಿಗೆ ಇದು ಸಣ್ಣ ಮಾತಲ್ಲ. ಪರಿಹಾರ ಗುಳಿಗೆ ಬಿಡುವುದಲ್ಲ. ಹೊತ್ತನ್ನೋ ಪ್ರಮಾಣವನ್ನೋ ಬದಲಿಸಬಹುದೇ ಎಂದು ಕೆಲಸಕ್ಕೆ ಸೇರುವ ಮುಂಚೆಯೇ ವೈದ್ಯರನ್ನು ಕೇಳುವುದು.

"ಕೆಲಸ ಸಿಕ್ತಲ್ಲ, ಇನ್ಯಾಕ ಗುಳಿಗಿ?" ಎಂಬುದೇ ಎಲ್ಲಕ್ಕಿಂತ ದುಬಾರಿ ತಪ್ಪು. 2012ರಲ್ಲಿ ಸ್ಟೆಫಾನ್ ಲ್ಯೂಖ್ಟ್ ಮತ್ತು ಸಂಗಡಿಗರು ಸ್ಕಿಜೋಫ್ರೀನಿಯ ಕುರಿತ 65 ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಸುಮಾರು ಒಂದು ವರ್ಷದಲ್ಲಿ ಔಷಧ ಮುಂದುವರಿಸಿದವರಲ್ಲಿ ಶೇ 27 ಜನರಿಗೆ ಕಾಯಿಲೆ ಮರುಕಳಿಸಿದರೆ, ನಿಲ್ಲಿಸಿ ಹುಸಿಗುಳಿಗೆ ತೆಗೆದುಕೊಂಡವರಲ್ಲಿ ಶೇ 64 ಜನರಿಗೆ ಮರುಕಳಿಸಿತ್ತು.

ಬಿಸಿಲು, ಬೆವರು, ಉಪ್ಪು

ಎರಡನೆಯದು ನಮ್ಮ ಬಿಸಿಲು. ಚೈತ್ರ, ವೈಶಾಖದಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಒಂದು ಬಗೆಯ ಲವಣ. ಮೂತ್ರಪಿಂಡ ಅದನ್ನು ಬಹುಮಟ್ಟಿಗೆ ಉಪ್ಪಿನ ಸೋಡಿಯಂ ಜತೆಗೇ ನಿಭಾಯಿಸುತ್ತದೆ. ಮೈ ಬೆವರಿ ನೀರು, ಉಪ್ಪು ಕಡಿಮೆಯಾದಾಗ ಅದು ಸೋಡಿಯಂ ಉಳಿಸಿಕೊಳ್ಳಲು ಹೋಗಿ ಲಿಥಿಯಂ ಅನ್ನೂ ಹಿಡಿದಿಡುತ್ತದೆ. ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೂರಾಡುವ ನಡಿಗೆ, ತೊದಲು ಮಾತು ಕಂಡರೆ ಅದು ಬಿಸಿಲಿನ ಬಳಲಿಕೆ ಎಂದು ಸುಮ್ಮನಿರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಗುಳಿಗೆಗಳೂ ಲಿಥಿಯಂ ಮಟ್ಟ ಏರಿಸುತ್ತವೆ. ಕಲ್ಲಿನ ಕ್ವಾರಿಯ ಕೆಲಸಕ್ಕೆ ಹೊಸದಾಗಿ ಸೇರಿದವನಿಗೆ ಬಿಸಿಲು, ನೋವಿನ ಗುಳಿಗೆ ಎರಡೂ ಒಟ್ಟಿಗೆ ಬರುತ್ತವೆ. ಸ್ಕಿಜೋಫ್ರೀನಿಯದ ಗುಳಿಗೆಗಳ ಜತೆ ಕೈಕಾಲು ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರನ್ನೇ ಕಡಿಮೆ ಮಾಡಿ, ಮೈ ತಂಪಾಗದಂತೆ ಮಾಡಬಲ್ಲದು.

ಲಿಥಿಯಂನಿಂದ ಬರುವ ಸಣ್ಣ ಕೈನಡುಕ ಅಪಾಯದ್ದಲ್ಲದಿದ್ದರೂ ಕಸುಬಿಗೆ ತೊಡಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ನಡುಗುವ ಬೆರಳಿಗೆ ಅದು ಕಷ್ಟ. ಚಹಾ ಹೆಚ್ಚಾದರೆ ನಡುಕವೂ ಹೆಚ್ಚುತ್ತದೆ. "ನಾನು ನೇಕಾರ, ನನಗ ಬೆರಳು ಮುಖ್ಯರಿ" ಎಂದು ವೈದ್ಯರಿಗೆ ಹೇಳಿದರೆ ಅವರಿಗೆ ಬೇರೆ ದಾರಿಗಳಿವೆ. ಹೇಳದಿದ್ದರೆ ಅವರಿಗೆ ತಿಳಿಯುವುದಿಲ್ಲ.

ಮರೆವು ಸೋಮಾರಿತನವಲ್ಲ

ಮೂರನೆಯದು ನೆನಪು. ಅಶರೀರ ಮಾತು ಕೇಳಿಸುವುದು, ಸಂಶಯ ನಿಂತ ಮೇಲೂ ಗಮನ, ನೆನಪಿನ ಶಕ್ತಿ ಸ್ವಲ್ಪ ಮಂದವಾಗಿಯೇ ಉಳಿಯಬಹುದು. ಕೆಲಸದಲ್ಲಿ ನಿಲ್ಲುವುದು ಭ್ರಮೆಗಳ ಲಕ್ಷಣಕ್ಕಿಂತ ಈ ಶಕ್ತಿಗಳನ್ನೇ ಹೆಚ್ಚು ಅವಲಂಬಿಸಿದೆ ಎಂದು ಮೈಕೆಲ್ ಗ್ರೀನ್ 1996ರಲ್ಲಿ ತೋರಿಸಿದರು. ಮೇಲಿನವರು ಒಂದೇ ಉಸಿರಿನಲ್ಲಿ ಆರು ಕೆಲಸ ಹೇಳಿದರೆ ಎರಡು ನೆನಪಿರುತ್ತವೆ, ನಾಲ್ಕು ಬಿಟ್ಟುಹೋಗುತ್ತವೆ. ನೋಡುವವರು ಸೋಮಾರಿ ಅನ್ನುತ್ತಾರೆ. ಜೇಬಿನಲ್ಲೊಂದು ಸಣ್ಣ ನೋಟ್‌ಬುಕ್, ಹೇಳಿದ್ದನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವ ರೂಢಿ, ಒಂದು ಮುಗಿದ ಮೇಲೆ ಇನ್ನೊಂದು: ಇಷ್ಟರಿಂದಲೇ ಬಹಳ ನೀಗುತ್ತದೆ.

ಹೇಳಬೇಕೋ, ಬೇಡವೋ

"ಇವನ್ನ ಧಾರವಾಡಕ್ಕ ಕಳಸ್ರಿ" ಎಂಬುದು ನಮ್ಮ ಕಡೆಯ ಹಳೆಯ ಹೀಯಾಳಿಕೆ. ಆ ಧಾರವಾಡದ ಸಂಸ್ಥೆ ಇಂದು ಡಿಮ್ಹಾನ್ಸ್ ಹೆಸರಿನಲ್ಲಿ ಮನೋವೈದ್ಯರನ್ನು ತಯಾರು ಮಾಡುವ ಬೋಧನಾ ಆಸ್ಪತ್ರೆ. ಹೀಯಾಳಿಕೆ ಮಾತ್ರ ಇದ್ದಲ್ಲೇ ಇದೆ. ಹೀಗಿರುವಾಗ ಕಾಯಿಲೆಯ ಹೆಸರನ್ನು ಮೊದಲ ದಿನವೇ ಎಲ್ಲರಿಗೂ ಹೇಳಬೇಕೆಂದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ವೈದ್ಯರೂ ರೋಗಿಯ ವಿವರವನ್ನು ಗುಟ್ಟಾಗಿಡಬೇಕು. ಅನೇಕ ಕಡೆ ಕಾಯಿಲೆಯ ಹೆಸರಿಗಿಂತ ಅಗತ್ಯವನ್ನು ಹೇಳಿದರೆ ಸಾಕು: "ಸರ್, ರಾತ್ರಿ ಪಾಳಿ ಬ್ಯಾಡ ಅಂತ ಡಾಕ್ಟ್ರು ಹೇಳ್ಯಾರ್ರಿ. ತಿಂಗಳಿಗೊಂದು ದಿನ ದವಾಖಾನಿಗೆ ಹೋಗಬೇಕಾಗತೈತಿ."

ಆದರೆ ಕಾನೂನಿನ ಆಸರೆ ಬೇಕಾದರೆ ಹೇಳಲೇಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅಸಾಮರ್ಥ್ಯ ಶೇ 40 ಮುಟ್ಟಿದರೆ ಸರ್ಕಾರಿ ನೌಕರಿಯ ಮೀಸಲಾತಿಗೆ ಅರ್ಹತೆ ಬರುತ್ತದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂತೆಂದು ಸರ್ಕಾರಿ ಸಂಸ್ಥೆ ನೌಕರನನ್ನು ತೆಗೆದುಹಾಕುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. 2021ರ ಡಿಸೆಂಬರ್‌ನಲ್ಲಿ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮಾನಸಿಕ ಕಾಯಿಲೆಯ ಪ್ರಭಾವವಿರುವ ನಡತೆಗಾಗಿ ಶಿಸ್ತುಕ್ರಮ ಹೂಡುವುದು ಪರೋಕ್ಷ ತಾರತಮ್ಯ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮನೆಯ ಮಗ್ಗ, ಕ್ವಾರಿ, ಕಿರಾಣಿ ಅಂಗಡಿಗಳವರೆಗೆ ಈ ಕಾನೂನು ಬಂದು ಮುಟ್ಟುವುದು ಅಪರೂಪ. ಅಲ್ಲಿ ಕಾನೂನಿಗಿಂತ ಸಾವಕಾರರ ತಿಳಿವಳಿಕೆಯೇ ದೊಡ್ಡದು.

ದೂರದ ಆಸ್ಪತ್ರೆಯೊಂದೇ ದಾರಿಯಾಗಿದ್ದ ಕಾಲವೂ ಹೋಗಿದೆ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮಾನಸಿಕ ಚಿಕಿತ್ಸೆ ಕಲಿಸಿತು. ಆ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ತಜ್ಞರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಹೋಗುವ ಮುಂಚೆ ನಿಮ್ಮೂರಿನ ಆಸ್ಪತ್ರೆಯಲ್ಲೊಮ್ಮೆ ವಿಚಾರಿಸಿಕೊಳ್ಳಿ. ರಜೆ ಸಿಗದವರಿಗೆ 14416, ಅಂದರೆ ಟೆಲಿ-ಮನಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆ ತಾಯಿಯ ಪ್ರಶ್ನೆಗೆ ಮರಳೋಣ. "ಕಳಸೂನೋ, ಬ್ಯಾಡೋ" ಎಂದು ಕೇಳಿದರೆ ಉತ್ತರ ಹೌದು ಅಥವಾ ಅಲ್ಲ, ಎರಡೇ. ಮುಂದಿನ ಸಲ ಹೀಗೆ ಕೇಳಿ: ಯಾವ ಪಾಳಿ ನಡೆದೀತು? ಗುಳಿಗೆ ಯಾವ ಹೊತ್ತಿಗೆ? ಬಿಸಿಲಿನ ಕೆಲಸವಾದರೆ ಏನು ಎಚ್ಚರ? ಮೊದಲ ಮೂರು ತಿಂಗಳು ಎಷ್ಟು ಸಲ ಬಂದು ಕಾಣಬೇಕು? ಈ ಪ್ರಶ್ನೆಗಳನ್ನು ಕೇಳಬೇಕಾದವರು ತಾಯಿಯಲ್ಲ, ನೆಲ ನೋಡುತ್ತ ಕುಳಿತ ಆ ಹುಡುಗ. ಅವನಿಗೇ ಕೇಳಲು ಬಿಡಿ.