ನೆಲದಡಿಯ ಸಾಕ್ಷಿ

ಕೊಂದವರೂ ದಾಖಲೆಯಿಡುತ್ತಾರೆ. ನಾಜಿ ಆಡಳಿತದ ಕಡತಗಳಲ್ಲಿ ಆಜ್ಞೆಗಳುಂಟು, ಹೆಸರುಗಳ ಪಟ್ಟಿಯುಂಟು, ಸತ್ತವರ ಲೆಕ್ಕವುಂಟು. 1945-46ರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅಪರಾಧಿಗಳಿಗೆ ಮುಳುವಾದುದು ಅವರದೇ ಕಾಗದಪತ್ರ. ಆದರೆ ಸತ್ತವರು ಹೇಗೆ ಬದುಕಿದ್ದರೆಂಬುದು ಆ ಕಡತಗಳಿಂದ ತಿಳಿಯದು.

ಅದನ್ನು ಬರೆದಿಟ್ಟವರು ವಾರ್ಸಾ ನಗರದ ಘೆಟ್ಟೋದಲ್ಲಿ ಸೆರೆಯಾಗಿದ್ದ ಯಹೂದಿಗಳೇ. ಇತಿಹಾಸಕಾರ ಇಮಾನ್ಯುಯೆಲ್ ರಿಂಗೆಲ್‌ಬ್ಲುಮ್ 1940ರಲ್ಲಿ ಕಟ್ಟಿದ ಗುಪ್ತಮಂಡಲಿಯು ದಿನಚರಿ, ಕವಿತೆ, ಮಕ್ಕಳ ಪ್ರಬಂಧ, ಪಡಿತರ ಚೀಟಿ, ಕೊನೆಗೆ ಮಿಠಾಯಿ ಸುತ್ತಿದ ಕಾಗದವನ್ನೂ ಸಂಗ್ರಹಿಸಿತು. 1942ರ ಆಗಸ್ಟಿನಲ್ಲಿ ಹತ್ತು ತಗಡಿನ ಪೆಟ್ಟಿಗೆಗಳನ್ನೂ 1943ರಲ್ಲಿ ಎರಡು ಹಾಲಿನ ಕ್ಯಾನುಗಳನ್ನೂ ಒಂದು ಶಾಲೆಯ ನೆಲದಡಿಯಲ್ಲಿ ಹೂಳಿದರು. 1944ರಲ್ಲಿ ರಿಂಗೆಲ್‌ಬ್ಲುಮ್ ಹತರಾದರು. ಮಂಡಲಿಯವರಲ್ಲಿ ಉಳಿದವರು ಕೆಲವರೇ. ಯುದ್ಧಾನಂತರ ನಗರವೆಲ್ಲ ಇಟ್ಟಿಗೆಯ ರಾಶಿಯಾಗಿತ್ತು. ಆ ರಾಶಿಯನ್ನು ಅಗೆದಾಗ ಪೆಟ್ಟಿಗೆಗಳು 1946ರಲ್ಲಿಯೂ ಕ್ಯಾನುಗಳು 1950ರಲ್ಲಿಯೂ ದೊರೆತವು. ಹೂಳಿದರೆನ್ನಲಾದ ಮೂರನೆಯ ಭಾಗ ಇಂದಿಗೂ ಸಿಕ್ಕಿಲ್ಲ.

ಸಾಹಿತ್ಯವನ್ನು ಬೋಧಿಸುವ ನನಗೆ ಆ ಮಿಠಾಯಿಯ ಕಾಗದವು ಮಹಾಕಾವ್ಯದಷ್ಟೇ ಪೂಜ್ಯವೆನಿಸುತ್ತದೆ. ಕೊಂದವನ ಕಡತ ಮನುಷ್ಯನನ್ನು ಎಣಿಸಿತು, ಅಷ್ಟೆ. ಆ ಹಸಿವಿನ ನಡುವೆಯೂ ಯಾರೋ ಸಿಹಿಯನ್ನು ಬಯಸಿದ್ದರೆಂಬ ಸಂಗತಿಯನ್ನು ಉಳಿಸಿದ್ದು ಈ ತುಂಡು ಕಾಗದ.