ಹನ್ನೆರಡು ಗೆಳತಿಯರ ಮೂವತ್ತಾರು ಸರದಿ

ರಾತ್ರಿ ಹನ್ನೆರಡೂವರೆಗೆ ನಿಮ್ಮ ಮನೆಯಲ್ಲಿ ಏನು ನಡೆದಿರುತ್ತದೆ? ಹಾಲಿಗೆ ಹೆಪ್ಪು ಹಾಕಿ, ದೋಸೆ ಹಿಟ್ಟು ಮುಚ್ಚಿಟ್ಟು, ಬಾಗಿಲ ಚಿಲಕ ಇನ್ನೊಮ್ಮೆ ನೋಡಿ ಮಲಗಿ ಎಷ್ಟೋ ಹೊತ್ತಾಗಿರುತ್ತದೆ, ಅಲ್ಲವೇ? ನನ್ನ ದಿನಚರಿಯೂ ಅದೇ. ಆದರೆ 2023ರ ಆಗಸ್ಟ್ ಕೊನೆಯ ಶುಕ್ರವಾರ ರಾತ್ರಿ ಆ ಹೊತ್ತಿಗೆ ನಾನು ಅಮೆರಿಕದ ಆರೆಗನ್ ರಾಜ್ಯದ ಒಂದು ಬಯಲಿನಲ್ಲಿದ್ದೆ. ಸೀರೆಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಮಿಂಚುವ ಹಳದಿ ಅಂಗಿ, ಕೈಯಲ್ಲಿ ಟಾರ್ಚು! ನಗಬೇಡಿ. ಇದಕ್ಕೆಲ್ಲ ಕಾರಣ ನನ್ನ ತಂಗಿ.

ಅವಳ ಮನೆ ಇರುವುದು ಪೋರ್ಟ್‌ಲ್ಯಾಂಡ್ ನಗರದ ಪಕ್ಕದಲ್ಲಿ. ಮೂರು ತಿಂಗಳು ಇದ್ದು ಬರೋಣವೆಂದು ಹೋಗಿದ್ದೆ. ಹೋದ ಮಾರನೆಯ ದಿನ ಬೆಳಗ್ಗೆ ನಾಲ್ಕೂವರೆಗೇ ಬಾಗಿಲು ಸದ್ದಾಯಿತು. ನೋಡಿದರೆ ಇವಳು ಬೂಟು ಕಟ್ಟಿಕೊಂಡು ಓಡಲು ಹೊರಟಿದ್ದಾಳೆ! ವಯಸ್ಸು ನಲವತ್ತೊಂದು, ಎರಡು ಮಕ್ಕಳ ತಾಯಿ. ಶಾಲೆಯಲ್ಲಿ ಖೋ ಖೋ ಆಡಿದ್ದು ಬಿಟ್ಟರೆ ಓಡಿದವಳೇ ಅಲ್ಲ.

ಆ ಸೀಮೆಯಲ್ಲಿ ಹುಡ್ ಟು ಕೋಸ್ಟ್ ಎಂಬ ರಿಲೇ ಓಟ ನಡೆಯುತ್ತದೆ. ಹುಡ್ ಎಂಬ ಹಿಮದ ಬೆಟ್ಟದ ಮೇಲೆ, ಸುಮಾರು 6,000 ಅಡಿ ಎತ್ತರದಲ್ಲಿ ಹೊರಟು ಪೆಸಿಫಿಕ್ ಸಾಗರದ ದಂಡೆಯ ಸೀಸೈಡ್ ಎಂಬ ಊರಿನಲ್ಲಿ ಮುಗಿಯುವ ಓಟ. ದೂರ ಸುಮಾರು 320 ಕಿಲೋಮೀಟರು. ಬೆಂಗಳೂರಿನಿಂದ ಹೊರಟು ಶಿವಮೊಗ್ಗವನ್ನೂ ದಾಟಿದಷ್ಟು ಎಂದುಕೊಳ್ಳಿ. ಒಂದು ತಂಡಕ್ಕೆ ಹನ್ನೆರಡು ಜನ, ದಾರಿಯನ್ನು ಮೂವತ್ತಾರು ಸರದಿಯಾಗಿ ಹಂಚಿರುತ್ತಾರೆ. ತಲೆಗೆ ಮೂರು ಸರದಿ, ಹಗಲೂ ರಾತ್ರಿ. ಶಾಲೆಯ ರಿಲೇಯಲ್ಲಿ ಕೋಲು ಕೊಡುತ್ತಿದ್ದೆವಲ್ಲ, ಇಲ್ಲಿ ಮಣಿಕಟ್ಟಿಗೆ ತಟ್ಟಿದರೆ ತಾನೇ ಸುತ್ತಿಕೊಳ್ಳುವ ಒಂದು ಪಟ್ಟಿ. ಕೈಯಿಂದ ಕೈಗೆ ಅದು ಹೋದರೇ ಮುಂದಿನವಳು ಹೆಜ್ಜೆ ಕೀಳಬೇಕು. 1982ರಲ್ಲಿ ಬರೀ ಎಂಟು ತಂಡಗಳಿಂದ ಶುರುವಾದದ್ದು, ಈಗ ಸಾವಿರಕ್ಕೂ ಮಿಕ್ಕಿ ತಂಡ ಬರುತ್ತವೆ. ದೂರದ ರಿಲೇಗೆ ಇದಕ್ಕಿಂತ ಹಳೆಯ ತವರು ಜಪಾನು. ಅಲ್ಲಿ 1917ರಲ್ಲೇ ಕ್ಯೋಟೋದಿಂದ ಟೋಕಿಯೋವರೆಗೆ ಐನೂರು ಕಿಲೋಮೀಟರು ಮೀರಿದ ದಾರಿಯಲ್ಲಿ ಓಡಿದ್ದರು. ಅವರು ಕೊಡುವುದು ಹೆಗಲಿಗೆ ಹಾಕುವ ಬಟ್ಟೆಯ ಪಟ್ಟಿ.

ತಂಗಿಯ ತಂಡದ ಹನ್ನೆರಡೂ ಜನ ಹೆಂಗಸರೇ. ನಾಲ್ವರು ನಮ್ಮ ಕಡೆಯವರು, ಮಿಕ್ಕವರು ಅಲ್ಲಿನವರೇ. ಮಕ್ಕಳನ್ನು ಶಾಲೆಗೆ ಬಿಡಲು ಹೋದಾಗ ಆದ ಗೆಳೆತನ ನೋಡಿ. ಮೊದಲು ಐದು ನಿಮಿಷ ನಡಿಗೆ, ಒಂದು ನಿಮಿಷ ಓಟ. ಹೀಗೆ ಶುರುಮಾಡಿ ಐದು ತಿಂಗಳಲ್ಲಿ ಹತ್ತು ಕಿಲೋಮೀಟರಿಗೆ ಬಂದಿದ್ದರು. ಆಮೇಲೆ ಒಂದೇ ದಿನ ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಓಡುವ ಅಭ್ಯಾಸ. ಒಮ್ಮೆ ಓಡಿ ವ್ಯಾನಿನಲ್ಲಿ ಮುದುರಿ ಕೂತು ಮರಗಟ್ಟಿದ ಕಾಲನ್ನು ಮತ್ತೆ ಎಬ್ಬಿಸುವುದೇ ಇಲ್ಲಿನ ನಿಜವಾದ ಕಷ್ಟವಂತೆ.

ನನ್ನ ತಂಗಿಯ ಚಿಂತೆ ಮಾತ್ರ ಬೇರೆ. "ಅಕ್ಕಾ, ಕಾಲು ನೋವು ಹೇಗೋ ತಡ್ಕೋತೀನಿ. ನಾನೇ ಎಲ್ಲರಿಗಿಂತ ನಿಧಾನ. ಹನ್ನೊಂದು ಜನ ನನಗೋಸ್ಕರ ಕಾಯ್ತಾ ಇರ್ತಾರಲ್ಲ, ಅದು ನೆನೆಸಿಕೊಂಡ್ರೆ ಎದೆ ಡವಗುಟ್ಟುತ್ತೆ" ಅಂದಳು. ನನಗೆ ಪಾಪ ಅನ್ನಿಸಿತು. ಯೋಚಿಸಿ ನೋಡಿ, ಕಾಯುವ ಕೆಲಸ ಯಾವಾಗಲೂ ನಮ್ಮದು. ಯಜಮಾನರ ಊಟಕ್ಕೆ, ಮಗಳ ಟ್ಯೂಷನ್ ಬಿಡುವುದಕ್ಕೆ, ಗ್ಯಾಸಿನವನಿಗೆ, ನಲ್ಲಿ ನೀರಿಗೆ. ನಮಗಾಗಿ ಯಾರಾದರೂ ಒಂದು ಗಳಿಗೆ ಕಾದರೆ ಏನೋ ತಪ್ಪು ಮಾಡಿದ ಹಾಗೆ ಸಂಕೋಚ ಪಡುತ್ತೇವೆ.

ಬುತ್ತಿಯ ಜವಾಬ್ದಾರಿ ನಾನು ವಹಿಸಿಕೊಂಡೆ. ಆರು ಜನರಿಗೊಂದು ವ್ಯಾನು, ಒಟ್ಟು ಎರಡು. ಒಂದು ವ್ಯಾನಿನವರು ಓಡುವಾಗ ಇನ್ನೊಂದರವರು ಮುಂದೆ ಹೋಗಿ ಉಂಡು ಮಲಗಬೇಕು. ಹುರಿಗಡಲೆ ಉಂಡೆ, ಉಪ್ಪು ಹಾಕಿದ ಅವಲಕ್ಕಿ, ಬಾಳೆಹಣ್ಣು, ಮೊಸರನ್ನ ಕಟ್ಟಿದೆ. ಮೊಸರನ್ನ ಮಾತ್ರ ಹೀಗೆ ಮಾಡಿ: ಬಿಸಿ ಅನ್ನವನ್ನು ಹಾಲಿನಲ್ಲೇ ಚೆನ್ನಾಗಿ ಹಿಸುಕಿ, ಆರಿದ ಮೇಲೆ ಎರಡು ಚಮಚ ಮೊಸರು, ಉಪ್ಪು, ತುರಿದ ಶುಂಠಿ ಸೇರಿಸಿದರೆ ಬೇಗ ಹುಳಿಯಾಗುವುದಿಲ್ಲ. ಹಸಿಮೆಣಸಿನಕಾಯಿ ಬೇಡ, ಓಡುವವರ ಹೊಟ್ಟೆ ಉರಿದೀತು. ಬಟ್ಟೆಗೂ ಒಂದು ಉಪಾಯವಿದೆ. ಪ್ರತಿ ಸರದಿಗೆ ಒಂದು ಜೊತೆ, ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿ. ಬೆವರಿದ್ದನ್ನು ಅದೇ ಚೀಲಕ್ಕೆ ತುರುಕಿ ಬಿಗಿಯಾಗಿ ಕಟ್ಟದಿದ್ದರೆ ವ್ಯಾನಿನಲ್ಲಿ ಮೂಗು ಬಿಡಲಾಗದು!

ಹತ್ತಿರದ ಊರಿನ ತಂಡಗಳು ಸ್ವಯಂಸೇವಕರನ್ನೂ ಕೊಡಬೇಕು. ಹಾಗಾಗಿ ಸೇಂಟ್ ಹೆಲೆನ್ಸ್ ಎಂಬ ಊರಿನ ಬಳಿ ನನಗೂ ಒಂದು ಟಾರ್ಚು ಸಿಕ್ಕಿತು. ಹಣೆಗೆ ಕಟ್ಟಿದ ದೀಪಗಳು ಕತ್ತಲಲ್ಲಿ ಮಿಂಚುಹುಳುಗಳ ಹಾಗೆ ಸಾಲಾಗಿ ಬರುತ್ತಿದ್ದವು. ಹತ್ತಿರವಾದಂತೆ ಒಬ್ಬರು ಅವರ ನಂಬರು ಕೂಗುವುದು, ಆ ತಂಡದ ಮುಂದಿನವರು ಗೆರೆಯ ಬಳಿ ಬಂದು ನಿಲ್ಲುವುದು.

ನಮ್ಮ ತಂಡದ ನಂಬರನ್ನೂ ಕೂಗಿದರು. ಬಂದವರು ಅರವತ್ತು ದಾಟಿದ ಒಬ್ಬ ನಿವೃತ್ತ ಟೀಚರು. ಮುಂದಿನ ಸರದಿ ನನ್ನ ತಂಗಿಯದು. ಗೆರೆಯ ಬಳಿ ಯಾರೂ ಇಲ್ಲ! ಮತ್ತೆ ಕೂಗಿದರು. ಇಲ್ಲ. ಆಕೆ ಪಟ್ಟಿ ಹಿಡಿದು ನಿಂತೇ ಇದ್ದಾರೆ, ಮೈಯಿಂದ ಹಬೆ ಏಳುತ್ತಿದೆ, ಚಳಿಗೆ ನಡುಗುತ್ತಿದ್ದಾರೆ. ನನ್ನ ಶಾಲು ತೆಗೆದು ಹೊದಿಸಿದೆ. ಇವಳು ಮಲಗಿಬಿಟ್ಟಿದ್ದಾಳೆಂದು ನನಗೆ ಹೊಳೆಯಿತು. ಫೋನು ಮಾಡಿದರೆ ಎತ್ತುವವರಿಲ್ಲ. ಜೊತೆಯವರ ನಿದ್ದೆ ಕೆಡದಿರಲೆಂದು ಸದ್ದು ಆರಿಸಿದ್ದಳಂತೆ, ಅಲಾರಂ ಸಹಿತ!

ಅಲ್ಲಿದ್ದ ಮೇಲ್ವಿಚಾರಕಿಗೆ ಹೇಳಿ ಬಯಲಿಗೆ ಓಡಿದೆ. ನೂರಾರು ವ್ಯಾನು, ಎಲ್ಲವೂ ಒಂದೇ ಥರ ಬಿಳಿ. ಹುಲ್ಲಿನ ಮೇಲೆ ಎಲ್ಲಿ ನೋಡಿದರೂ ಚೀಲದೊಳಗೆ ತೂರಿ ಮಲಗಿದ ಜನ. ಒಂದು ವ್ಯಾನು ತಟ್ಟಿದರೆ ಗಡ್ಡದವನೊಬ್ಬ ಎದ್ದು ಬೈದ. ಮತ್ತೇನು ಮಾಡಲಿ? ಸೆರಗು ಸಿಕ್ಕಿಸಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿಯೇಬಿಟ್ಟೆ: "ಏ ಪುಟ್ಟೀ! ಹೊತ್ತಾಯ್ತು, ಏಳೇ!" ಚಿಕ್ಕವಳಿದ್ದಾಗ ಅವಳನ್ನು ಶಾಲೆಗೆ ಎಬ್ಬಿಸುತ್ತಿದ್ದದ್ದು ನಾನೇ, ಇದೇ ಮಾತಿನಿಂದ. ಎರಡನೇ ಸಲ ಕೂಗುವಷ್ಟರಲ್ಲಿ ಮೂಲೆಯ ವ್ಯಾನಿನ ಬಾಗಿಲು ದಡಾರನೆ ತೆರೆಯಿತು.

ಕೆದರಿದ ತಲೆ, ಬಿಚ್ಚಿದ ಬೂಟಿನ ದಾರ, ಕಣ್ಣಲ್ಲಿ ನೀರು. ಹನ್ನೊಂದು ನಿಮಿಷ ತಡವಾಗಿತ್ತು. ಯಾವುದಕ್ಕೆ ಐದು ತಿಂಗಳು ಹೆದರಿದ್ದಳೋ ಅದೇ ಆಗಿಹೋಗಿತ್ತು. "ಸಾರಿ, ಸಾರಿ" ಎನ್ನುತ್ತ ಬಂದವಳನ್ನು ಆ ಟೀಚರು ಒಂದು ಗಳಿಗೆ ನೋಡಿದರು. "ನಿದ್ದೆ ಚೆನ್ನಾಗಿ ಬಂತಾ?" ಎಂದು ಕೇಳಿದರು. ಬಗ್ಗಿ ಅವಳ ಬೂಟಿನ ದಾರ ತಾವೇ ಕಟ್ಟಿ, ಪಟ್ಟಿಯನ್ನು ಅವಳ ಕೈಗೆ ತಟ್ಟಿ, ಬೆನ್ನಿಗೊಂದು ಏಟು ಕೊಟ್ಟು ಕಳಿಸಿದರು. ನನಗೇ ಗಂಟಲು ಕಟ್ಟಿತು.

ಕಳೆದ ಹೊತ್ತನ್ನು ತುಂಬಿಸುತ್ತೇನೆಂದು ಜೋರಾಗಿ ಓಡಿ, ಕೊನೆಯ ಒಂದು ಕಿಲೋಮೀಟರು ಮೀನಖಂಡ ಹಿಡಿದುಕೊಂಡು ಕುಂಟಿದಳಂತೆ. ಬುದ್ಧಿ ಬೇಡವೇ? ಮರುದಿನ ಮಧ್ಯಾಹ್ನದ ಸರದಿಯನ್ನು ಅರ್ಧ ಓಡಿ ಅರ್ಧ ನಡೆದು ಮುಗಿಸಿದಳು. ಪ್ರತಿ ತಿರುವಿನಲ್ಲೂ ವ್ಯಾನು ನಿಲ್ಲಿಸಿ ಗೆಳತಿಯರು ನೀರು ಹಿಡಿದು ನಿಂತಿದ್ದರು. ಕೊಟ್ಟ ಕೂಡಲೇ ಕುಡಿದಳು, ಸಾರಿ ಹೇಳಲಿಲ್ಲ ಎಂದು ಅವರೇ ನನಗೆ ಹೇಳಿದ್ದು.

ಶನಿವಾರ ಸಂಜೆ ಐದರ ಸುಮಾರಿಗೆ ಹನ್ನೆರಡೂ ಜನ ಸೀಸೈಡಿನ ಮರಳಿನಲ್ಲಿ ಕೈ ಕೈ ಹಿಡಿದು ಕೊನೆಯ ಗೆರೆ ದಾಟಿದರು. ಎಷ್ಟನೆಯವರಾಗಿ ಬಂದರೆಂದು ಕೇಳಬೇಡಿ, ಅವರೂ ನೋಡಿಕೊಳ್ಳಲಿಲ್ಲ. ಡಬ್ಬಿಯ ತಳದಲ್ಲಿ ಉಳಿದಿದ್ದ ಮೊಸರನ್ನಕ್ಕೆ ಮಾತ್ರ ಟೀಚರೂ ಸೇರಿ ಕೈ ಹಾಕಿದರು.

ಮನೆಗೆ ಬಂದರೆ ಮಕ್ಕಳು ಅವರಪ್ಪ ಮಾಡಿದ ಉಪ್ಪಿಟ್ಟು ತಿಂದು ಆರಾಮಾಗಿದ್ದರು. ಉಪ್ಪು ಜಾಸ್ತಿಯಾಗಿತ್ತು, ಅಷ್ಟೆ. ತಂಗಿ ಸ್ನಾನ ಮಾಡಿ, ಪಟ್ಟಿಯ ಗುರುತು ಉಳಿದಿದ್ದ ಕೈಯನ್ನೇ ದಿಂಬಾಗಿಸಿ ಮಲಗಿದಳು. ಭಾನುವಾರ ಬೆಳಗಾಯಿತು, ಹತ್ತಾಯಿತು, ಹನ್ನೊಂದಾಯಿತು. "ಎಬ್ಬಿಸಲಾ ದೊಡ್ಡಮ್ಮ?" ಎಂದು ಮಗಳು ಎರಡು ಸಲ ಬಂದು ಕೇಳಿದಳು.

ಬೇಡ ಅಂದೆ.