ಹಳೆಯ ಕಾರಿನ ಅಧಿಕ ಇಂಧನ ಬಳಕೆ: ಕಾರಣವನ್ನು ಪತ್ತೆ ಹಚ್ಚುವ ಬಗೆ

ಹತ್ತು ಹದಿನೈದು ವರ್ಷ ಓಡಿದ ಕಾರು ಮೊದಲಿನಷ್ಟು ಮೈಲೇಜ್ ಕೊಡುತ್ತಿಲ್ಲವೆಂಬುದು ಮಾಲೀಕರ ಸಾಮಾನ್ಯ ದೂರು. ಲೀಟರಿಗೆ 14 ಕಿ.ಮೀ. ಓಡುತ್ತಿದ್ದ ಕಾರು 10 ಕಿ.ಮೀ.ಗೆ ಇಳಿದರೆ, ತಿಂಗಳಿಗೆ 1,000 ಕಿ.ಮೀ. ಸಂಚರಿಸುವ ಕುಟುಂಬಕ್ಕೆ 28 ಲೀಟರಿಗೂ ಹೆಚ್ಚು ಪೆಟ್ರೋಲಿನ ಹೊರೆ ಬೀಳುತ್ತದೆ. ಗಾಬರಿಗೊಂಡು ಕಾರ್ಬುರೇಟರನ್ನೋ ಇಂಜೆಕ್ಟರನ್ನೋ ಬದಲಾಯಿಸಿ ಸಾವಿರಾರು ರೂಪಾಯಿ ತೆತ್ತವರು ಬಹಳ ಮಂದಿ. ದೋಷವು ಹಲವು ವೇಳೆ ಇದಕ್ಕಿಂತ ಅಗ್ಗದ ಭಾಗದಲ್ಲಿರುತ್ತದೆ.

ಅನೇಕರು ಹೋಲಿಕೆಗೆ ಹಿಡಿಯುವ ಅಳತೆಗೋಲೇ ಸರಿಯಿರುವುದಿಲ್ಲ. ಜಾಹೀರಾತುಗಳಲ್ಲಿ ಕಾಣುವ ಮೈಲೇಜ್ ಅಂಕಿಗಳು ಪ್ರಾಯಶಃ ಪುಣೆಯ ಎ.ಆರ್.ಎ.ಐ. ಸಂಸ್ಥೆಯಂತಹ ಪರೀಕ್ಷಾಲಯಗಳಿಂದ ಬಂದವು. 1966ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಕೋಥರೂಡ್ ಬಳಿಯ ವೇತಾಳ ಬೆಟ್ಟದ ಮೇಲಿದೆ. ಅಲ್ಲಿ ಕಾರು ರಸ್ತೆಯಲ್ಲಿ ಓಡುವುದಿಲ್ಲ. ಉರುಳೆಗಳ ಮೇಲೆ ನಿಂತು, ನಿಗದಿತ ಕ್ರಮದಂತೆ ಇಪ್ಪತ್ತು ನಿಮಿಷಗಳಿಗಿಂತ ತುಸು ಕಡಿಮೆ ಕಾಲ ಚಲಿಸುತ್ತದೆ. ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಏರ್ ಕಂಡೀಷನರ್ ಬಂದ್ ಆಗಿರುತ್ತದೆ. ಒಂದು ಮಾದರಿಯನ್ನು ಇನ್ನೊಂದರೊಡನೆ ತೂಗಲು ಈ ಅಂಕಿ ಉಪಯುಕ್ತ. ಆದರೆ ಅದೇ ಊರಿನ ಕರ್ವೆ ರಸ್ತೆಯ ಸಂಜೆಯ ಸಂದಣಿಯಲ್ಲಿ ಯಾವ ಕಾರೂ ಅದನ್ನು ಮುಟ್ಟಲಾರದು. ಆದುದರಿಂದ ಕಾರನ್ನು ಅದರದೇ ಹಿಂದಿನ ಲೆಕ್ಕದೊಡನೆ ಹೋಲಿಸುವುದು ಯುಕ್ತ.

ಲೆಕ್ಕ ಹಿಡಿಯುವ ಕ್ರಮ ಸರಳವಾದುದು. ಟ್ಯಾಂಕ್ ತುಂಬಿಸಿ, ಪಂಪಿನ ನಳಿಗೆ ತಾನಾಗಿಯೇ ನಿಂತ ಕೂಡಲೇ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಕೆಲವು ದಿನಗಳ ನಂತರ ಅದೇ ಪಂಪಿನಲ್ಲಿ ಅದೇ ರೀತಿ ತುಂಬಿಸಿ, ಓಡಿದ ದೂರವನ್ನು ಎರಡನೆಯ ಸಲ ಹಿಡಿಸಿದ ಲೀಟರುಗಳಿಂದ ಭಾಗಿಸಬೇಕು. ಒಂದೇ ಸಲದ ಲೆಕ್ಕ ಸಾಲದು, ಮೂರಾದರೂ ಬೇಕು. ಮೂಲ ಅಳತೆಗಿಂತ ದೊಡ್ಡ ಟೈರುಗಳನ್ನು ಹಾಕಿಸಿದ್ದರೆ ಮೀಟರು ದೂರವನ್ನು ಕಡಿಮೆ ತೋರಿಸುತ್ತದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೊಡನೆ ತಾಳೆ ನೋಡಿದರೆ ಇದು ಹೊರಬೀಳುತ್ತದೆ.

ಊರೊಳಗಿನ ಲೆಕ್ಕವನ್ನೂ ಹೆದ್ದಾರಿಯ ಲೆಕ್ಕವನ್ನೂ ಬೇರ್ಪಡಿಸುವುದು ಬಹು ಮುಖ್ಯ. ಪುಣೆಯಿಂದ ಕೊಲ್ಹಾಪುರ ಮಾರ್ಗವಾಗಿ ನಿಪ್ಪಾಣಿ, ಬೆಳಗಾವಿಗಳಿಗೆ ಹೋಗಿಬರುವ ಕನ್ನಡಿಗರಿಗೆ ಇದು ಸುಲಭ. ನಡುವೆ ಖಂಬಾಟಕಿ ಘಾಟಿ ಇರುವುದರಿಂದ ಹೋಗುವ ಬರುವ ಎರಡೂ ದಾರಿಯ ಲೆಕ್ಕವನ್ನು ಸೇರಿಸತಕ್ಕದ್ದು. ಹೆದ್ದಾರಿಯಲ್ಲಿ ಮೈಲೇಜ್ ಸರಿಯಾಗಿದ್ದು ಊರಿನಲ್ಲಿ ಮಾತ್ರ ಕುಸಿದಿದ್ದರೆ, ಸಿಗ್ನಲುಗಳಲ್ಲಿ ಎಂಜಿನ್ ನಡೆಯುತ್ತ ನಿಲ್ಲುವುದು ಅಥವಾ ಎಂಜಿನ್ ಕಾಯುವ ಮುನ್ನವೇ ಮುಗಿಯುವ ಚಿಕ್ಕ ಪ್ರಯಾಣಗಳು ಕಾರಣವೆಂದು ಮೊದಲು ಶಂಕಿಸಬೇಕು. ಎರಡೂ ಕಡೆ ಕುಸಿದಿದ್ದರೆ ಕಾರಿನಲ್ಲೇ ದೋಷವಿದೆ.

ಪೆಟ್ರೋಲಿನ ವಾಸನೆ ಬರುತ್ತಿದ್ದಲ್ಲಿ ಉಳಿದ ಪರೀಕ್ಷೆಗಳನ್ನು ಬಿಟ್ಟು ಸೋರಿಕೆಯನ್ನು ಹುಡುಕಿಸತಕ್ಕದ್ದು. ಹಳೆಯ ಕಾರುಗಳ ರಬ್ಬರ್ ಕೊಳವೆಗಳು ಬಿರುಕು ಬಿಡುತ್ತವೆ. ಇಲ್ಲಿ ನಷ್ಟಕ್ಕಿಂತ ಬೆಂಕಿಯ ಅಪಾಯ ದೊಡ್ಡದು.

ಅನಂತರ ಕಾರು ಸರಾಗವಾಗಿ ಉರುಳುತ್ತದೆಯೇ ನೋಡಬೇಕು. ಟೈರುಗಳು ತಣ್ಣಗಿರುವಾಗ ಗಾಳಿಯನ್ನು ಪರೀಕ್ಷಿಸಿ, ಸಮತಟ್ಟಾದ ನೆಲದಲ್ಲಿ ಗೇರ್ ಬಿಡಿಸಿ ಕಾರನ್ನು ತಳ್ಳಿದರೆ ಅದು ಹೆಚ್ಚು ಶ್ರಮವಿಲ್ಲದೆ ಚಲಿಸಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಕಾರುಗಳ ಬ್ರೇಕುಗಳು ತುಕ್ಕು ಹಿಡಿದು ಚಕ್ರವನ್ನು ಪೂರ್ಣವಾಗಿ ಬಿಡದಿರುವುದುಂಟು. ಹತ್ತಿಪ್ಪತ್ತು ಕಿ.ಮೀ. ಓಡಿಸಿ ನಿಲ್ಲಿಸಿದಾಗ ಒಂದು ಚಕ್ರದ ಬಳಿ ಮಾತ್ರ ಹೆಚ್ಚು ಬಿಸಿ ತಾಕಿದರೆ ಅದೇ ಅಪರಾಧಿ. ಬ್ರೇಕ್ ಡಿಸ್ಕನ್ನು ಕೈಯಿಂದ ಮುಟ್ಟಬಾರದು. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಸವೆದಿದೆ.

ದಹನದ ಸ್ಥಿತಿಯನ್ನು ತಿಳಿಯಲು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ತುದಿಯ ಬಣ್ಣ ಬೂದುಮಿಶ್ರಿತ ಕಂದಾಗಿದ್ದರೆ ಸರಿ. ಒಣ ಕಪ್ಪು ಮಸಿ ಹಿಡಿದಿದ್ದರೆ ಗಾಳಿಗೆ ಹೋಲಿಸಿದಾಗ ಇಂಧನ ಹೆಚ್ಚಾಗಿದೆ. ಎಣ್ಣೆ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳನುಗ್ಗುತ್ತಿದೆ. ಇದಕ್ಕೆ ಪೂರಕವಾದ ಇನ್ನೊಂದು ಸಾಕ್ಷ್ಯವು ಮಾಲೀಕರ ಕೈಯಲ್ಲೇ ಇದ್ದರೂ ಬಹುಮಂದಿ ಅದನ್ನು ಓದುವುದಿಲ್ಲ. ಮಾಲಿನ್ಯ ತಪಾಸಣೆಯ ಪ್ರಮಾಣಪತ್ರದಲ್ಲಿ ಕಾರ್ಬನ್ ಮಾನಾಕ್ಸೈಡಿನ ಪ್ರಮಾಣ ನಮೂದಾಗಿರುತ್ತದೆ. ಹಿಂದಿನ ಪತ್ರಕ್ಕಿಂತ ಈ ಅಂಕಿ ಗಣನೀಯವಾಗಿ ಏರಿದ್ದರೆ ಇಂಧನ ಪೂರ್ಣವಾಗಿ ಉರಿಯುತ್ತಿಲ್ಲವೆಂದೇ ಅರ್ಥ.

ಇಂತಹ ಸಂದರ್ಭದಲ್ಲಿ ಏರ್ ಫಿಲ್ಟರನ್ನೂ ಥರ್ಮೋಸ್ಟಾಟನ್ನೂ ನೋಡಿಸಬೇಕು. ನಮ್ಮದು ಉಷ್ಣದೇಶವೆಂಬ ನೆಪದಲ್ಲಿ ಥರ್ಮೋಸ್ಟಾಟನ್ನು ಕಿತ್ತುಹಾಕುವ ಪದ್ಧತಿ ಅನೇಕ ಗ್ಯಾರೇಜುಗಳಲ್ಲಿದೆ, ಇದು ಸರಿಯಲ್ಲ. ಅದಿಲ್ಲದ ಎಂಜಿನ್ ತಕ್ಕಷ್ಟು ಕಾಯುವುದಿಲ್ಲ. ಇಂಜೆಕ್ಷನ್ ಇರುವ ಕಾರಿನ ನಿಯಂತ್ರಣ ಘಟಕವು ಎಂಜಿನ್ ಇನ್ನೂ ತಣ್ಣಗಿದೆಯೆಂದು ಭಾವಿಸಿ ಹೆಚ್ಚು ಪೆಟ್ರೋಲನ್ನು ಸುರಿಯುತ್ತಲೇ ಇರುತ್ತದೆ. ಆಕ್ಸಿಜನ್ ಸೆನ್ಸರ್ ಅಥವಾ ಉಷ್ಣತೆಯ ಸೆನ್ಸರ್ ಕೆಟ್ಟಾಗಲೂ ಫಲ ಇದೇ. ಕಾರ್ಬುರೇಟರ್ ಉಳ್ಳ ಕಾರುಗಳಲ್ಲಿ ಅಂಟಿಕೊಂಡ ಚೋಕ್ ಇದೇ ಹಾನಿಯನ್ನುಂಟುಮಾಡುತ್ತದೆ.

ಇತ್ತೀಚೆಗೆ ಎಲ್ಲ ದೋಷವನ್ನೂ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮೇಲೆ ಹೊರಿಸುವುದು ಕಂಡುಬರುತ್ತಿದೆ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಕಡಿಮೆಯೆಂಬುದು ನಿಜ. 2021ರಲ್ಲಿ ಪ್ರಕಟವಾದ ನೀತಿ ಆಯೋಗದ ವರದಿಯು, ಎಥನಾಲ್ ರಹಿತ ಪೆಟ್ರೋಲಿಗೆ ರೂಪಿಸಿ ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಮೈಲೇಜ್ ಇಳಿಯಬಹುದೆಂದು ಅಂದಾಜಿಸಿತ್ತು. ಲೀಟರಿಗೆ 14 ಕಿ.ಮೀ. ಓಡುವ ಕಾರಿಗೆ ಇದು ಸುಮಾರು ಒಂದು ಕಿ.ಮೀ. ಮಾತ್ರ. ನಾಲ್ಕು ಕಿ.ಮೀ. ಇಳಿದಿದ್ದರೆ ಉಳಿದ ಮೂರಕ್ಕೆ ಬೇರೆ ಕಾರಣವನ್ನು ಹುಡುಕಲೇಬೇಕು.

ಇಷ್ಟೆಲ್ಲ ಸರಿಯಿದ್ದೂ ಬಳಕೆ ತಗ್ಗದಿದ್ದಾಗ ಮಾತ್ರ ಎಂಜಿನ್ನಿನ ಕಂಪ್ರೆಷನ್ ಪರೀಕ್ಷೆ ಮಾಡಿಸುವುದು ಸೂಕ್ತ. ಯಾವುದಾದರೂ ಸಿಲಿಂಡರಿನಲ್ಲಿ ಒತ್ತಡ ಕಡಿಮೆಯಿದ್ದರೆ ಮೆಕ್ಯಾನಿಕ್ ಅದರೊಳಗೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಪಿಸ್ಟನ್ ರಿಂಗುಗಳು ಸವೆದಿರುತ್ತವೆ. ಏರದಿದ್ದರೆ ದೋಷವು ಬಹುಮಟ್ಟಿಗೆ ವಾಲ್ವುಗಳಲ್ಲಿರುತ್ತದೆ. ಎಂಜಿನ್ ಬಿಚ್ಚಲು ಒಪ್ಪಿಗೆ ಕೊಡುವ ಮುನ್ನ ಈ ಎರಡೂ ಅಂಕಿಗಳನ್ನು ಬರಹದಲ್ಲಿ ಕೇಳಿ ಪಡೆಯಬೇಕು.